ಯಂತ್ರಕ್ಕೆ ಮಾತು ತಿಳಿಯುವುದೇ?

(ನರಿಮೊಗರಿನಲ್ಲಿ ಮಿಲ್ ಕೆಲಸಗಾರರೂ ಚಿಲ್ಲರೆ ವ್ಯಾಪಾರಿಗಳೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಮನುಷ್ಯನ ಮಾತನ್ನು ಗಣಕಯಂತ್ರಕ್ಕೆ ತಿಳಿಸಲು ಪಂಡಿತರು ಮೊದಮೊದಲು ಪಟ್ಟ ಪಾಡೇನು, ಆ ಪ್ರಯತ್ನದಲ್ಲಿ ಕನ್ನಡದ ಪಾಲೇನು ಎಂಬುದು ಇಂದಿನ ವಿಷಯ. ದಿನವಿಡೀ ಮಿಲ್ಲಿನಲ್ಲಿ ನಿಂತು ದುಡಿದು ಬಂದವರಿಗೂ, ಅಂಗಡಿಯ ಬಾಗಿಲು ಹಾಕಿ ಬಂದವರಿಗೂ ಇದರಿಂದ ಆಗಬೇಕಾದ್ದೇನು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಭವಿಷ್ಯನಿಧಿಯ ಕಾಗದ, ಬ್ಯಾಂಕಿನ ಸಾಲದ ನೋಟೀಸು, ತೆರಿಗೆ ಕಚೇರಿಯ ಪತ್ರ, ಇವು ಇಂದಿಗೂ ನಮ್ಮಲ್ಲಿ ಅನೇಕರ ಕೈಗೆ ಇಂಗ್ಲಿಷಿನಲ್ಲಿಯೇ ಬರುತ್ತವೆ. ಮಗನೋ ಮಗಳೋ ಮೊಬೈಲನ್ನು ಅದರ ಮೇಲೆ ಹಿಡಿಯುತ್ತಾರೆ, ಕ್ಷಣದಲ್ಲಿ ಕನ್ನಡವಾಗುತ್ತದೆ, ಆ ಕನ್ನಡವನ್ನು ನಂಬಿ ನಾವು ಸಹಿ ಹಾಕುತ್ತೇವೆ, ಇಲ್ಲವೆ ಹಾಕದೆ ಬಿಡುತ್ತೇವೆ. ಸಹಿ ನಮ್ಮದು, ಸಂಬಳ ನಮ್ಮದು, ಅಂಗಡಿ ನಮ್ಮದು. ಹಾಗಿರುವಾಗ ಕಾಗದವನ್ನು ಓದಿಹೇಳಿದ ಯಂತ್ರಕ್ಕೆ ಎಷ್ಟು ತಿಳಿದಿದೆ ಎಂದು ವಿಚಾರಿಸುವ ಹಕ್ಕೂ ನಮ್ಮದೇ.

ನರಿಮೊಗರಿನಂತಹ ಊರಿನವರಿಗೆ ಈ ವಿಚಾರ ಕಷ್ಟವಾಗಲಾರದು. ಇಲ್ಲಿಯ ಜಿನಸಿನ ಅಂಗಡಿಯವನು ಬೆಳಿಗ್ಗೆ ತುಳುವಿನಲ್ಲಿ ಅಕ್ಕಿ ತೂಗುತ್ತಾನೆ, ಹವ್ಯಕ ಭಟ್ಟರೊಡನೆ ಅವರ ಮಾತಿನಲ್ಲಿ ಅಡಿಕೆಯ ಧಾರಣೆ ಕೇಳುತ್ತಾನೆ, ಪಕ್ಕದ ಅಂಗಡಿಯ ಬ್ಯಾರಿಯವರಿಂದ ಅವರದೇ ಭಾಷೆಯಲ್ಲಿ ಚಿಲ್ಲರೆ ಪಡೆಯುತ್ತಾನೆ, ಸುಳ್ಯದ ಕಡೆಯ ನೆಂಟರ ಅರೆಭಾಷೆಗೆ ತಲೆದೂಗುತ್ತಾನೆ, ಕಾಸರಗೋಡಿನ ಲಾರಿಯವನಿಗೆ ಮಲಯಾಳದಲ್ಲಿ ದಾರಿ ಹೇಳುತ್ತಾನೆ, ಸಂಜೆ ಕನ್ನಡದಲ್ಲಿ ಲೆಕ್ಕ ಬರೆಯುತ್ತಾನೆ. ಇದಕ್ಕಾಗಿ ಯಾವ ವಿದ್ಯಾಪೀಠವೂ ಅವನಿಗೆ ಪದವಿ ಕೊಟ್ಟಿಲ್ಲ. ಇದೇ ಕೆಲಸವನ್ನು, ಅದೂ ಮುಖ್ಯವಾಗಿ ಎರಡೇ ಭಾಷೆಗಳ ನಡುವೆ, ಯಂತ್ರದಿಂದ ಮಾಡಿಸಹೊರಟ ಅಮೇರಿಕ ಸರಕಾರವು ಸುಮಾರು ಎರಡು ಕೋಟಿ ಡಾಲರು ಸುರಿದು ಕೈಸುಟ್ಟುಕೊಂಡಿತು. ಅಲ್ಲಿಂದಲೇ ಕಥೆಯನ್ನು ಆರಂಭಿಸೋಣ.

ಎರಡನೆಯ ಮಹಾಯುದ್ಧದಲ್ಲಿ ಶತ್ರುಗಳ ಗುಪ್ತಲಿಪಿಯನ್ನು ಬಿಡಿಸಲು ಯಂತ್ರಗಳನ್ನು ಬಳಸಿದ್ದರಷ್ಟೆ. ಪರಭಾಷೆಯೂ ಒಂದು ಬಗೆಯ ಗುಪ್ತಲಿಪಿಯೇ, ಅದನ್ನೂ ಹಾಗೆಯೇ ಬಿಡಿಸಬಹುದು ಎಂಬ ಆಸೆಯನ್ನು ವಾರೆನ್ ವೀವರ್ ಎಂಬ ಅಮೇರಿಕದ ವಿಜ್ಞಾನಿ 1949ರಲ್ಲಿ ಒಂದು ಟಿಪ್ಪಣಿ ಬರೆದು ಹುಟ್ಟಿಸಿದರು. ಆಗ ರಶಿಯಕ್ಕೂ ಅಮೇರಿಕಕ್ಕೂ ಶೀತಲ ಸಮರ. ರಶಿಯದವರ ವೈಜ್ಞಾನಿಕ ಪತ್ರಿಕೆಗಳಲ್ಲಿ ಏನಿದೆಯೆಂದು ಓದುವ ಆತುರ ಅಮೇರಿಕದ ಸೈನ್ಯಕ್ಕೂ ಗೂಢಚರ್ಯೆಯ ಇಲಾಖೆಗೂ ಇತ್ತು. 1954ರ ಜನವರಿ 7ರಂದು ನ್ಯೂಯಾರ್ಕಿನಲ್ಲಿ ಐ.ಬಿ.ಎಂ. ಕಂಪೆನಿಯೂ ಜಾರ್ಜ್‌ಟೌನ್ ವಿಶ್ವವಿದ್ಯಾನಿಲಯವೂ ಸೇರಿ ಪತ್ರಕರ್ತರ ಮುಂದೆ ಒಂದು ಪ್ರದರ್ಶನ ನಡೆಸಿದವು. ಅರುವತ್ತಕ್ಕೂ ಹೆಚ್ಚು ರಶಿಯನ್ ವಾಕ್ಯಗಳು, 250 ಪದಗಳ ನಿಘಂಟು, 6 ವ್ಯಾಕರಣ ಸೂತ್ರಗಳು. ರಶಿಯನ್ನಿನ ಒಂದಕ್ಷರವೂ ಬಾರದ ಒಬ್ಬ ಹುಡುಗಿ ಕಾರ್ಡುಗಳಲ್ಲಿ ತೂತು ಹೊಡೆದು ವಾಕ್ಯಗಳನ್ನು ಒಳಗೆ ಕಳುಹಿಸಿದಳು. ಆಚೆಯಿಂದ ಇಂಗ್ಲಿಷ್ ಅಚ್ಚಾಗಿ ಬಂತು. ಪತ್ರಿಕೆಗಳೆಲ್ಲ ಕೊಂಡಾಡಿದವು. ಮೂರರಿಂದ ಐದು ವರ್ಷದೊಳಗೆ ಕೆಲಸ ಪೂರೈಸೀತೆಂದು ಮುಖಂಡರು ಹೇಳಿಕೆ ಕೊಟ್ಟರು. ಮರುವರ್ಷವೇ ಮಾಸ್ಕೋದಲ್ಲಿಯೂ ಇಂಗ್ಲಿಷನ್ನು ರಶಿಯನ್ನಿಗೆ ತಿರುಗಿಸುವ ಪ್ರಯೋಗ ನಡೆಯಿತು.

ಈ ಪ್ರದರ್ಶನದಲ್ಲಿ ಮೋಸವಿರಲಿಲ್ಲ, ಆದರೆ ಸುಗಮವೆಲ್ಲ ಮೊದಲೇ ಆರಿಸಿಟ್ಟದ್ದಾಗಿತ್ತು. ನಿಘಂಟಿನ ಪದಗಳಿಗೆ ಅಂಕಿಯ ಗುರುತುಗಳನ್ನು ಕಟ್ಟಿದ್ದರು. ಹಿಂದಿನ ಪದದ ಗುರುತು ಹೀಗಿದ್ದರೆ ಈ ಅರ್ಥ, ಮುಂದಿನ ಪದದ ಗುರುತು ಹಾಗಿದ್ದರೆ ಆ ಅರ್ಥ, ಇಲ್ಲವೆ ಎರಡು ಪದಗಳ ಸ್ಥಾನ ಅದಲುಬದಲು, ಇಷ್ಟೇ ಅದರ ಬುದ್ಧಿ. 250 ಪದಗಳಲ್ಲಿ ಇದು ನಡೆಯಿತು. ಪದಗಳು ಸಾವಿರಗಟ್ಟಲೆಯಾದಾಗ ಸೂತ್ರವು ಸೂತ್ರಕ್ಕೆ ಅಡ್ಡಬಂದು ಗಂಟುಬಿತ್ತು.

ಗಂಟು ಎಲ್ಲಿದೆಯೆಂದು ತೋರಿಸಿಕೊಟ್ಟವರು ಬಾರ್-ಹಿಲೆಲ್ ಎಂಬ ಇಸ್ರೇಲಿನ ವಿದ್ವಾಂಸರು, 1960ರಲ್ಲಿ. ಅವರು ಕೊಟ್ಟ ಉದಾಹರಣೆ ಇಂಗ್ಲಿಷಿನ ‘ಪೆನ್’ ಎಂಬ ಪದದ ಮೇಲೆ. ಅದಕ್ಕೆ ಬರೆಯುವ ಲೇಖನಿಯೆಂಬುದಲ್ಲದೆ ಮಕ್ಕಳನ್ನು ಆಡಲು ಬಿಡುವ ಬೇಲಿಯ ಆವರಣವೆಂಬ ಅರ್ಥವೂ ಇದೆ. ಪೆಟ್ಟಿಗೆ ‘ಪೆನ್’ನೊಳಗಿತ್ತು ಎಂದರೆ ಯಾವ ಅರ್ಥವೆಂಬುದು ಪೆಟ್ಟಿಗೆಯ ಗಾತ್ರ ಗೊತ್ತಿದ್ದವನಿಗೆ ಮಾತ್ರ ಹೊಳೆಯುತ್ತದೆ, ಯಾವ ನಿಘಂಟಿನಲ್ಲಿಯೂ ಅದಿಲ್ಲ ಎಂದು ಅವರ ವಾದ. ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ, ‘ನಿನ್ನೆ ಅಂಗಡಿಗೆ ಹತ್ತು ಕೊಟ್ಟೆ’ ಎಂದು ಒಬ್ಬರು ಅಂದರು ಅನ್ನಿ. ಸಾಧಾರಣ ದಿನವಾದರೆ ಹತ್ತು ರೂಪಾಯಿ ಕೊಟ್ಟರೆಂದು ಅರ್ಥ. ಕಡುಬು ಬೇಯಿಸಲು ಹಲಸಿನ ಎಲೆಯ ಕೊಟ್ಟೆ ಕಟ್ಟಿ ಮಾರುವ ಹೆಂಗಸು ಅಷ್ಟಮಿಯ ದಿನ ಹಾಗೆಂದರೆ ಅರ್ಥ ಬೇರೆ. ಈ ಸಭೆಯಲ್ಲಿ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರಕ್ಕೆ ಅಷ್ಟಮಿಯೂ ಗೊತ್ತಿಲ್ಲ, ಕಡುಬೂ ಗೊತ್ತಿಲ್ಲ.

ಹಣ ಕೊಟ್ಟವರಿಗೂ ಅನುಮಾನ ಹತ್ತಿತು. ಜಾನ್ ಪಿಯರ್ಸ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಿಸಿದ ಏಳು ಜನರ ಸಮಿತಿಯು 1966ರಲ್ಲಿ ವರದಿ ಕೊಟ್ಟಿತು: ಯಂತ್ರದ ಅನುವಾದವು ಮನುಷ್ಯನ ಅನುವಾದಕ್ಕಿಂತ ನಿಧಾನ, ತಪ್ಪು ಹೆಚ್ಚು, ಖರ್ಚು ದುಪ್ಪಟ್ಟು. ಆ ವರದಿಯಲ್ಲಿ ಕೆಲಸಗಾರರು ಗಮನಿಸಬೇಕಾದ ಇನ್ನೊಂದು ಮಾತಿದೆ. ಅನುವಾದಕರ ಅಭಾವವೇ ಅಮೇರಿಕದಲ್ಲಿ ಇರಲಿಲ್ಲ! ಇದ್ದ ಅನುವಾದಕರನ್ನು ವಿಚಾರಿಸದೆ, ಇಲ್ಲದ ಅಭಾವಕ್ಕೆ ಯಂತ್ರವನ್ನು ಕಟ್ಟಹೊರಟಿದ್ದರು. ಇಂತಹ ಅರ್ಥಶಾಸ್ತ್ರವು ಅಮೇರಿಕಕ್ಕೆ ಮಾತ್ರ ಸೀಮಿತವೆಂದು ನಾವು ಹೇಳಲಾರೆವು. ವರದಿಯ ತರುವಾಯ ಹಣದ ನಲ್ಲಿ ಹೆಚ್ಚುಕಡಿಮೆ ನಿಂತೇಹೋಯಿತು.

ಅದೇ 1966ರಲ್ಲಿ ಜೋಸೆಫ್ ವೈಜೆನ್‌ಬಾಮ್ ಎಂಬವರು ‘ಎಲಿಜಾ’ ಎಂಬ ಕಾರ್ಯಕ್ರಮವನ್ನು ಪ್ರಕಟಿಸಿದರು. ಮನೋವೈದ್ಯರಂತೆ ಅದು ಟೈಪಿನ ಮೂಲಕ ಪ್ರಶ್ನೆ ಕೇಳುತ್ತಿತ್ತು. ನೀವು ಬೇಸರವಾಗಿದೆಯೆಂದರೆ, ಏಕೆ ಬೇಸರವೆಂದು ಕೇಳುವುದು. ತಾಯಿಯ ಹೆಸರೆತ್ತಿದರೆ, ಮನೆಯವರ ವಿಷಯ ಇನ್ನಷ್ಟು ಹೇಳಿ ಎನ್ನುವುದು. ನಮ್ಮ ಮಾತನ್ನೇ ತಿರುಗಿಸಿ ನಮಗೆ ಕೊಡುವುದರ ಹೊರತು ಅದಕ್ಕೇನೂ ತಿಳಿಯುತ್ತಿರಲಿಲ್ಲ. ಆದರೂ ಅದನ್ನು ಕಟ್ಟುತ್ತಿದ್ದುದನ್ನು ಕಣ್ಣಾರೆ ಕಂಡಿದ್ದ ಅವರ ಕಾರ್ಯದರ್ಶಿನಿಯೇ ಅದರೊಡನೆ ಮಾತಾಡುತ್ತ, ಸ್ವಲ್ಪ ಹೊರಗೆ ಹೋಗುತ್ತೀರಾ ಎಂದು ವೈಜೆನ್‌ಬಾಮರನ್ನು ಕೇಳಿದಳಂತೆ. ನಯವಾದ ಮಾತಿಗೆ ಮನುಷ್ಯನು ಎಷ್ಟು ಬೇಗ ಮರುಳಾಗುತ್ತಾನೆಂದು ಕಂಡು ಅವರು ಬೆಚ್ಚಿಬಿದ್ದರು.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಮೊದಲ ತೊಡಕು ಅರ್ಥದ್ದಲ್ಲ, ಅಕ್ಷರದ್ದು. ಕನ್ನಡದ ಒತ್ತಕ್ಷರ, ದೀರ್ಘ, ಕೊಂಬು ಇವುಗಳನ್ನು ಯಂತ್ರಕ್ಕೆ ಹೇಗೆ ಊಡಬೇಕೆಂಬುದೇ ಬಹುಕಾಲದ ಸಮಸ್ಯೆಯಾಗಿತ್ತು. ಭಾರತೀಯ ಲಿಪಿಗಳಿಗೆಲ್ಲ ಹೊಂದುವ ಸಂಕೇತಗಳ ಮಾನಕವು 1991ರಲ್ಲಿ ಸ್ಥಿರವಾಯಿತು. ನಮ್ಮ ಜಿಲ್ಲೆಯವರೇ ಆದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು, ಉಚ್ಚಾರಣೆಯ ಕ್ರಮದಲ್ಲಿ ಒತ್ತಿದರೆ ಅಕ್ಷರ ತಾನಾಗಿ ಕೂಡಿಕೊಳ್ಳುವಂತಹ ಕೀಲಿಮಣೆಯನ್ನು ರೂಪಿಸಿ, ಆ ತಂತ್ರಾಂಶಕ್ಕೆ ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಉಚಿತವಾಗಿ ಹಂಚಿದರು. ಮುಂದೆ ಕರ್ನಾಟಕ ಸರಕಾರವು ಆ ವಿನ್ಯಾಸವನ್ನೇ ಅಂಗೀಕರಿಸಿತು. ಇಂದು ತಾಲೂಕು ಕಚೇರಿಯಲ್ಲಿ ಗುಮಾಸ್ತೆಯು ಬಡಿಯುವ ಕನ್ನಡಕ್ಕೆ ಅದೇ ತಳಹದಿ.

ಅರ್ಥದ ಕೆಲಸವು 1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಆರಂಭವಾಯಿತು. ರಾಜೀವ್ ಸಂಗಲ್, ವಿನೀತ್ ಚೈತನ್ಯ ಮೊದಲಾದವರ ಆ ಗುಂಪು ತಮ್ಮ ಲೇಖನಗಳಿಗೆ ‘ಅಕ್ಷರ ಭಾರತಿ’ ಎಂಬ ಒಂದೇ ಸಾಮೂಹಿಕ ಹೆಸರನ್ನು ಮುಂದಿಡುತ್ತಿತ್ತು. ಇದು ನಮಗೆ ಹಿಡಿಸಿದ ಸಂಗತಿ. ಅವರು ಕಟ್ಟಿದ ಯಂತ್ರಾನುವಾದದ ಹೆಸರು ‘ಅನುಸಾರಕ’. ಅದರ ಮೊದಮೊದಲಿನ ಪ್ರಯೋಗಗಳಲ್ಲಿಯೇ ಕನ್ನಡದಿಂದ ಹಿಂದಿಗೆ ಹೋಗುವ ದಾರಿಯೂ ಇತ್ತು. ತೆಲುಗು, ಬಂಗಾಳಿ, ಮರಾಠಿ, ಪಂಜಾಬಿಗಳಿಂದಲೂ ಹಿಂದಿಗೆ ದಾರಿ ಮಾಡಿದರು.

ಅಮೇರಿಕದವರು ಎಡವಿದ ಕಲ್ಲನ್ನು ಇವರು ಕಂಡಿದ್ದರು. ಯಂತ್ರವು ಪೂರ್ತಿ ಅನುವಾದ ಮಾಡಬೇಕೆಂಬ ಹಟವನ್ನು ಬಿಟ್ಟರು. ಕೆಲಸವನ್ನು ಎರಡು ಪಾಲು ಮಾಡಿದರು. ನಿಘಂಟು ನೋಡುವುದು, ಪ್ರತ್ಯಯ ಬಿಡಿಸುವುದು, ಹೀಗೆ ಬೇಸರದ ಗಾಣದ ದುಡಿಮೆ ಯಂತ್ರದ್ದು. ಲೋಕಜ್ಞಾನದಿಂದ ಅರ್ಥಮಾಡಿಕೊಳ್ಳುವುದು ಓದುಗನದು. ಮೂಲದಲ್ಲಿ ಇಲ್ಲದ್ದನ್ನು ಯಂತ್ರವು ತಾನಾಗಿ ಸೇರಿಸಕೂಡದು. ಗೊತ್ತಾಗದ ಕಡೆ ಒಂದು ಗುರುತು ಹಾಕಿ ಬಿಡಬೇಕು.

ಒಂದು ಉದಾಹರಣೆಯಿಂದ ಇದು ಸ್ಪಷ್ಟವಾದೀತು. ‘ಸುಲಿದ ಆಳು’, ‘ಸುಲಿದ ಅಡಿಕೆ’, ‘ಸುಲಿದ ಕತ್ತಿ’, ‘ಸುಲಿದ ಕೂಲಿ’. ನಾಲ್ಕು ಕಡೆಯೂ ‘ಸುಲಿದ’ ಎಂಬ ಪದ ಒಂದೇ. ಆದರೆ ಆಳು ಸುಲಿದವನು, ಅಡಿಕೆ ಸುಲಿಸಿಕೊಂಡದ್ದು, ಕತ್ತಿ ಸುಲಿಯಲು ಬಳಸಿದ್ದು, ಕೂಲಿ ಸುಲಿದುದಕ್ಕೆ ಸಿಕ್ಕಬೇಕಾದದ್ದು. ಕನ್ನಡವು ಈ ಸಂಬಂಧವನ್ನು ಪದದಲ್ಲಿ ಹೇಳುವುದೇ ಇಲ್ಲ, ಕೇಳುವವನ ತಿಳಿವಿಗೆ ಬಿಡುತ್ತದೆ. ಹಿಂದಿಯಲ್ಲಿ ಹಾಗಲ್ಲ, ‘ಯಾರು’, ‘ಯಾವುದನ್ನು’, ‘ಯಾವುದರಿಂದ’ ಎಂದು ಬೇರೆ ಬೇರೆಯಾಗಿ ಹೇಳಲೇಬೇಕು. ಯಂತ್ರ ಏನು ಮಾಡಬೇಕು? ಊಹಿಸಿ ಒಂದನ್ನು ಹಾಕಿದರೆ ಆಳನ್ನೇ ಸುಲಿದುಬಿಟ್ಟೀತು. ಆದುದರಿಂದ ಅನುಸಾರಕದವರು ಹಿಂದಿಯ ‘ಜೋ’ ಎಂಬ ಪದಕ್ಕೆ ಒಂದು ನಕ್ಷತ್ರದ ಗುರುತನ್ನು ಹಚ್ಚಿದರು. ಇಲ್ಲಿ ಸಂಬಂಧ ಇಂಥದೆಂದು ಮೂಲದಲ್ಲಿಲ್ಲ, ನೀನೇ ಯೋಚಿಸಿ ತಿಳಿ ಎಂದು ಓದುಗನಿಗೆ ಸೂಚನೆ. ಹಿಂದಿಯವರಿಗೆ ಅದು ಒರಟಾಗಿ ಕಂಡಿತು, ಸ್ವಲ್ಪ ಅಭ್ಯಾಸವೂ ಬೇಕಾಯಿತು. ಆದರೆ ಅದು ಪ್ರಾಮಾಣಿಕ ಒರಟುತನ. ತಿಳಿಯದ್ದನ್ನು ತಿಳಿಯದೆಂದು ತೋರಿಸುವ ಯಂತ್ರವನ್ನು ಕಟ್ಟಿದುದೇ ಆ ಗುಂಪಿನ ದೊಡ್ಡ ಸಾಧನೆಯೆಂದು ನಮ್ಮ ಅಭಿಪ್ರಾಯ.

ಇವರು ಕಾರಕಗಳ ವಿಚಾರದಲ್ಲಿ ಪಾಣಿನಿಯ ವ್ಯಾಕರಣವನ್ನು ಆಧರಿಸಿದರು. 1995ರಲ್ಲಿ ಆ ಕುರಿತು ಗ್ರಂಥವನ್ನೂ ತಂದರು. ಇಲ್ಲಿ ಒಂದು ಮಾತು. ಗಣಕಯಂತ್ರಕ್ಕೆ ಸಂಸ್ಕೃತವೇ ಸರ್ವಶ್ರೇಷ್ಠ ಭಾಷೆಯೆಂದು ಅಮೇರಿಕದವರು ಒಪ್ಪಿದ್ದಾರೆ ಎಂಬ ಮಾತನ್ನು ನಮ್ಮ ಊರುಗಳ ವೇದಿಕೆಗಳಲ್ಲಿ ಆಗಾಗ ಕೇಳುತ್ತೇವೆ. ಅದರ ಬೇರು ರಿಕ್ ಬ್ರಿಗ್ಸ್ ಎಂಬವರು 1985ರಲ್ಲಿ ಬರೆದ ಒಂದು ಲೇಖನ. ಶಾಸ್ತ್ರಕಾರರು ವಾಕ್ಯಾರ್ಥವನ್ನು ಬಿಡಿಸುತ್ತಿದ್ದ ಕ್ರಮಕ್ಕೂ ಗಣಕ ಪಂಡಿತರು ಜ್ಞಾನವನ್ನು ಜೋಡಿಸುವ ಕ್ರಮಕ್ಕೂ ಹೋಲಿಕೆಯಿದೆಯೆಂದು ಅವರು ತೋರಿಸಿದ್ದರು. ಅದು ಒಳ್ಳೆಯ ಲೇಖನವೇ. ಆದರೆ ಯಂತ್ರಗಳು ಸಂಸ್ಕೃತದಲ್ಲಿ ಓಡುತ್ತವೆಂದು ಅದರಿಂದ ಸಿದ್ಧವಾಗುವುದಿಲ್ಲ. ವ್ಯಾಕರಣವೆಂಬುದು ಸಂಸ್ಕೃತಕ್ಕೆ ಮಾತ್ರ ಇದ್ದದ್ದೂ ಅಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಕನ್ನಡ ಪದವನ್ನು ಪ್ರಕೃತಿ, ಪ್ರತ್ಯಯಗಳಾಗಿ ಬಿಡಿಸಿದ್ದಾನೆ. ಅದನ್ನು ಅಚ್ಚು ಹಾಕಿಸಿದ ಕಿಟೆಲರು 1894ರಲ್ಲಿ ಸುಮಾರು 70,000 ಪದಗಳ ನಿಘಂಟನ್ನೂ ನಮ್ಮ ಮಂಗಳೂರಿನಲ್ಲಿಯೇ ಪ್ರಕಟಿಸಿದರು. ಕನ್ನಡ ಪದ ಬಿಡಿಸುವ ಯಂತ್ರಕ್ಕೆ ಬೇಕಾದ ಸರಂಜಾಮು ಹೆಚ್ಚುಕಡಿಮೆ ಅದೇ: ಧಾತುಗಳ ಪಟ್ಟಿ, ಪ್ರತ್ಯಯಗಳ ಪಟ್ಟಿ, ಸಂಧಿಯ ನಿಯಮ.

ಹೇಳಲು ಸುಲಭ, ಮಾಡಲು ಪ್ರಯಾಸ. ಇಂಗ್ಲಿಷಿನಲ್ಲಿ ಐದಾರು ಪದಗಳಲ್ಲಿ ಹೇಳುವುದನ್ನು ನಾವು ‘ಕೊಡಲಾಗುವುದಿಲ್ಲವಂತೆ’ ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತೇವೆ. ಅದರೊಳಗೆ ಕ್ರಿಯೆಯಿದೆ, ಕಾಲವಿದೆ, ನಿರಾಕರಣೆಯಿದೆ, ಇದು ಬೇರೆಯವರು ಹೇಳಿದ್ದೆಂಬ ಸೂಚನೆಯೂ ಇದೆ. ಹೈದರಾಬಾದ್ ವಿಶ್ವವಿದ್ಯಾನಿಲಯದಲ್ಲಿ ಕೆ. ನಾರಾಯಣ ಮೂರ್ತಿ ಎಂಬ ವಿದ್ವಾಂಸರು ಇಂತಹ ಪದಗಳನ್ನು ಬಿಡಿಸುವ, ಕೂಡಿಸುವ ಕೆಲಸದಲ್ಲಿ ವರ್ಷಗಟ್ಟಲೆ ತೊಡಗಿದರು. ಕರ್ನಾಟಕ ಸರಕಾರದ ನೆರವಿನಿಂದ ಸರಕಾರಿ ಸುತ್ತೋಲೆಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುವ ಒಂದು ವ್ಯವಸ್ಥೆಯನ್ನೂ ಅವರು ಕಟ್ಟಿದರು.

ಯಂತ್ರಕ್ಕೆ ಎಡವಟ್ಟು ಎಲ್ಲಿಂದ ಬರುತ್ತದೆ ನೋಡಿ. ‘ಇಲಿಗೆ’ ಎಂದರೆ ಇಲಿ, ಅದಕ್ಕೆ ‘ಗೆ’. ‘ಗಿಳಿಗೆ’ ಎಂದರೆ ಗಿಳಿ, ಅದಕ್ಕೆ ‘ಗೆ’. ಇದೇ ಸೂತ್ರವನ್ನು ಹಿಡಿದು ಹೊರಟ ಯಂತ್ರವು ‘ಸುಲಿಗೆ’ ಎಂಬ ಪದವನ್ನು ಕಂಡರೆ ‘ಸುಲಿ’ ಎಂಬ ಯಾವುದೋ ಪ್ರಾಣಿಗೆ ಏನೋ ಕೊಟ್ಟರೆಂದು ತಿಳಿದೀತು. ಸುಲಿಗೆ ಎಂದರೇನೆಂದು ಬೀಡಿ ಕಟ್ಟುವವಳಿಗೂ ಗೇರುಬೀಜದ ಕಾರಖಾನೆಯವಳಿಗೂ ಯಾರೂ ಪಾಠ ಹೇಳಬೇಕಾಗಿಲ್ಲ!

ಮುಂದೆ ಪಂಡಿತರ ದಾರಿಯೇ ಬದಲಾಯಿತು. 1980ರ ದಶಕದ ಕೊನೆಗೆ ಐ.ಬಿ.ಎಂ.ನವರು ಸೂತ್ರಗಳನ್ನು ಬದಿಗಿಟ್ಟು ಎಣಿಕೆಗೆ ಇಳಿದರು. ಕೆನಡದ ಸಂಸತ್ತಿನ ಕಲಾಪಗಳು ಇಂಗ್ಲಿಷ್, ಫ್ರೆಂಚ್ ಎರಡರಲ್ಲಿಯೂ ಅಚ್ಚಾಗುತ್ತವೆ. ಅವೆರಡನ್ನೂ ಪಕ್ಕಪಕ್ಕ ಇಟ್ಟು, ಈ ಪದವಿದ್ದ ಕಡೆ ಆ ಪದ ಎಷ್ಟು ಸಲ ಬಂತೆಂದು ಯಂತ್ರದಿಂದ ಎಣಿಸಿದರು. ವ್ಯಾಕರಣ ಕಲಿಸದೆಯೇ ಅನುವಾದ ಹೊರಟಿತು. ಇಂದಿನ ಮೊಬೈಲಿನ ಯಂತ್ರಗಳು ಆ ಎಣಿಕೆಯ ವಂಶಕ್ಕೇ ಸೇರಿದವು, ಅದರ ಮೊಮ್ಮಕ್ಕಳೆನ್ನಬಹುದು. ಗೂಗಲ್ ಅನುವಾದದಲ್ಲಿ ಕನ್ನಡ ಸೇರಿದ್ದು 2011ರಲ್ಲಿ. ಈ ಯಂತ್ರಗಳ ಕನ್ನಡ ನಯವಾಗಿದೆ, ವರ್ಷದಿಂದ ವರ್ಷಕ್ಕೆ ಇನ್ನೂ ನಯವಾಗುತ್ತಿದೆ. ಬಹಳ ಸಲ ಸರಿಯೂ ಇರುತ್ತದೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅನುಸಾರಕದ ಆ ನಕ್ಷತ್ರದ ಗುರುತು ಮಾಯವಾಗಿದೆ. ಖಚಿತವಾಗಿ ಹೇಳಿದ್ದು ಯಾವುದು, ಊಹಿಸಿ ಹೇಳಿದ್ದು ಯಾವುದು ಎಂಬುದು ಓದುವವನಿಗೆ ಕಾಣುವುದಿಲ್ಲ. ಎರಡೂ ಒಂದೇ ನಯದಲ್ಲಿ ಬರುತ್ತವೆ.

ಬೋನಸ್ಸು ‘ಕೊಡಲಾಗುವುದು’ ಎಂದರೆ ದೊರೆಯುತ್ತದೆ. ‘ಕೊಡಲಾಗದು’ ಎಂದರೆ ಇಲ್ಲ. ನಡುವೆ ಇರುವುದು ಎಷ್ಟು ಅಕ್ಷರ? ಅಕ್ಕಪಕ್ಕದ ಪದಗಳನ್ನು ಎಣಿಸಿ ಅರ್ಥ ಹಿಡಿಯುವ ಯಂತ್ರಕ್ಕೆ ಇವೆರಡೂ ಒಂದೇ ನೆರೆಯಲ್ಲಿ ವಾಸಿಸುವ ಪದಗಳು. ಬೋನಸ್ಸು, ವರ್ಷ, ಕೆಲಸಗಾರರು, ಆಡಳಿತ, ಇವೇ ಪದಗಳು ಎರಡರ ಸುತ್ತಲೂ ಇರುತ್ತವೆ. ನೂರು ಕಾಗದಗಳಲ್ಲಿ ತೊಂಬತ್ತೊಂಬತ್ತು ಸರಿಯಾಯಿತೆಂದು ಯಂತ್ರದ ಕಂಪೆನಿ ಹೆಮ್ಮೆಪಡಲಿ. ನೂರನೆಯ ಕಾಗದ ಯಾರದಾಯಿತೋ ಅವರಿಗೆ ಆ ಲೆಕ್ಕದಿಂದ ಪ್ರಯೋಜನವಿಲ್ಲ.

ಎಣಿಸಬೇಕಾದರೆ ರಾಶಿ ಬೇಕು. 1991ರಿಂದ ಕೇಂದ್ರ ಸರಕಾರದ ಯೋಜನೆಯಲ್ಲಿ ಭಾರತೀಯ ಭಾಷೆಗಳ ಪದರಾಶಿ ಕೂಡಿಸಹೊರಟಾಗ ಕನ್ನಡವೇ ಮೊದಲಾದ ದಕ್ಷಿಣದ ಭಾಷೆಗಳು ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ಪಾಲಿಗೆ ಬಂದವು. ಒಂದೊಂದು ಭಾಷೆಗೆ ಸುಮಾರು 30 ಲಕ್ಷ ಪದ. ಬಹಳ ಶ್ರದ್ಧೆಯ ಕೆಲಸ. ಆದರೆ ಪುಸ್ತಕ, ಪತ್ರಿಕೆ ಮೊದಲಾದ ಮುದ್ರಿತ ಬರಹದಿಂದ ಕೂಡಿಸಿದ್ದಾದುದರಿಂದ ಅಚ್ಚಿಗೆ ಹೋಗದ ಮಾತು ಅದರೊಳಗೆ ಹೋಗಲಿಲ್ಲ. ಮಿಲ್ಲಿನಲ್ಲಿ ಆಡುವ ಮಾತು, ಸಂತೆಯ ಮಾತು, ಅರೆಭಾಷೆ, ಬ್ಯಾರಿ ಇವು ಹೊರಗೇ ಉಳಿದವು.

ತುಳುವಿಗೆ ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳ ನಿಘಂಟು ಬಂತು. ಜನರ ಬಾಯಿಂದಲೂ ಪಾಡ್ದನಗಳಿಂದಲೂ ಹೆಕ್ಕಿ ಕೂಡಿಸಿದ ಸಂಪತ್ತು ಅದು. 2024ರಲ್ಲಿ ಗೂಗಲ್ ಅನುವಾದದಲ್ಲಿ ತುಳುವೂ ಸೇರಿತು. ಸಂತೋಷವೇ. ಆದರೆ ಕನ್ನಡದ ‘ನಾವು’ ಎಂಬ ಒಂದು ಪದವನ್ನು ತುಳುವಿಗೆ ತರುವುದನ್ನೇ ತೆಗೆದುಕೊಳ್ಳಿ. ಕೇಳುವವನನ್ನೂ ಸೇರಿಸಿದರೆ ‘ನಮ’. ಅವನನ್ನು ಬಿಟ್ಟರೆ ‘ಎಂಕುಲು’. ಹವ್ಯಕರಲ್ಲಿಯೂ ‘ನಾವು’ ಬೇರೆ, ‘ಎಂಗೊ’ ಬೇರೆ. ಬರಹದ ಕನ್ನಡದಲ್ಲಿ ಈ ಭೇದವಿಲ್ಲ, ಇಂಗ್ಲಿಷಿನಲ್ಲಿಯೂ ಇಲ್ಲ. ‘ಈ ವರ್ಷದ ನಷ್ಟವನ್ನು ನಾವು ಹೊರಬೇಕಾಗಿದೆ’ ಎಂದು ಮಿಲ್ಲಿನ ಗೋಡೆಯ ಮೇಲೆ ಮಾಲಿಕನು ಒಂದು ನೋಟೀಸು ಹಚ್ಚಿದನೆನ್ನಿ. ಇದು ‘ನಮ’ವೋ ‘ಎಂಕುಲು’ವೋ? ನಷ್ಟ ಆಡಳಿತದ್ದೋ, ಸಂಬಳ ಕಡಿತ ನಮ್ಮದೋ? ಕನ್ನಡದ ನೋಟೀಸು ಅದನ್ನು ಹೇಳುವುದಿಲ್ಲ. ಬಹುಶಃ ಹೇಳಬಾರದೆಂದೇ ಬರೆದದ್ದು. ತುಳುವಿಗೆ ತಿರುಗಿಸುವ ಯಂತ್ರವು ಮಾತ್ರ ಎರಡರಲ್ಲೊಂದನ್ನು ಆರಿಸಲೇಬೇಕು. ಯಾವುದನ್ನಾರಿಸಿದರೂ ಮಾಲಿಕನು ಹೇಳದ ಮಾತನ್ನು ಅವನ ಹೆಸರಿನಲ್ಲಿ ಹೇಳಿದಂತಾಯಿತು. ಅನುಸಾರಕದವರಾಗಿದ್ದರೆ ಇಲ್ಲಿ ನಕ್ಷತ್ರ ಹಾಕುತ್ತಿದ್ದರು.

ಮಾತಿನ ರಾಶಿಗೆ ಬೆಲೆ ಬಂದಿರುವ ಕಾಲ ಇದು. ಯಂತ್ರಗಳಿಗೆ ಉಣಿಸಲು ಜನರ ಮಾತನ್ನು ಓದಿಸಿ ಧ್ವನಿ ಹಿಡಿಯುವ ಕೆಲಸ ಹಲವೆಡೆ ನಡೆಯುತ್ತಿದೆ. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಯು ಹಳ್ಳಿಯವರಿಂದ ಕನ್ನಡವನ್ನು ಓದಿಸಿಕೊಂಡು ಕೂಲಿ ಕೊಡುವುದಲ್ಲದೆ, ಆ ಧ್ವನಿಯು ಮರುಮಾರಾಟವಾದರೆ ಅದರಲ್ಲಿಯೂ ಮಾತಾಡಿದವರಿಗೆ ಪಾಲು ಎಂಬ ಪದ್ಧತಿಯಿಟ್ಟಿದೆ. ತುಳು, ಬ್ಯಾರಿ, ಅರೆಭಾಷೆಗಳ ಧ್ವನಿ ಹಿಡಿಯಲು ನಾಳೆ ಯಾರಾದರೂ ಈ ಕಡೆ ಬಂದರೆ, ಗಂಟೆಗೆ ಕೂಲಿ ಎಷ್ಟು, ಮರುಮಾರಾಟದಲ್ಲಿ ಪಾಲು ಇದೆಯೋ ಇಲ್ಲವೋ ಎಂಬ ಎರಡು ಪ್ರಶ್ನೆಗಳನ್ನು ಬಾಯಿ ತೆರೆಯುವ ಮೊದಲೇ ಕೇಳತಕ್ಕದ್ದು.

ಇನ್ನು ಕೈಗೆ ಬಂದ ಕಾಗದಗಳ ವಿಷಯ. ಮೊಬೈಲಿನಲ್ಲಿ ಕನ್ನಡ ಮಾಡಿಕೊಳ್ಳಿ, ಬೇಡವೆನ್ನುವುದಿಲ್ಲ. ಆದರೆ ಇಂಗ್ಲಿಷಿನ ಮೂಲ ಕಾಗದವನ್ನು ಕಳೆಯಬೇಡಿ. ಕನ್ನಡದಲ್ಲಿ ಪ್ರತಿಯೊಂದು ವಾಕ್ಯದ ಕೊನೆಯ ಪದವನ್ನು, ಅಂದರೆ ಕ್ರಿಯಾಪದದ ಬಾಲವನ್ನು, ಮೊದಲು ನೋಡಿ. ತಾರೀಖು, ಮೊಬಲಗು, ‘ನಾವು’ ಎಂದಿರುವ ಕಡೆ, ಇವುಗಳ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಸೋಮವಾರ ಸಂತೆಗೆ ಪುತ್ತೂರಿಗೆ ಬರುವವರು ಎರಡು ಕಾಗದಗಳನ್ನೂ ಜೊತೆಗೆ ತನ್ನಿ. ಗೆರೆ ಎಳೆದ ಕಡೆಗಳನ್ನು ಒಟ್ಟಿಗೆ ಕುಳಿತು ಓದೋಣ.